ಇಪ್ಪತ್ತಾರರಿಂದ ಭಾಗಿಸಿದಾಗ

1.

ಎಲ್ಲಿಂದ ಶುರು ಮಾಡಲಿ ಎಂದು ನಾನು ಯೋಚಿಸುವ ಮುಂಚೆಯೇ ಅರ್ಜಿ ಕೇಳಿತು: 'ನಿರುದ್ಯೋಗ ಆರಂಭವಾದ ದಿನಾಂಕ.' ಓದುಗರೇ, ಇಷ್ಟು ನೇರವಾಗಿ ಯಾವ ವಿಮರ್ಶಕರೂ ನನ್ನನ್ನು ಕೇಳಿಲ್ಲ. (ವಿಮರ್ಶಕರು ಇನ್ನೂ ಏನನ್ನೂ ಕೇಳಿಲ್ಲ. ಇದು ನನ್ನ ಮೊದಲ ಕಥೆ.)

1. (ಮತ್ತೆ)

ಹಿಂದಿನ ಕರಡಿನಲ್ಲಿ ಒಬ್ಬ ವಿಧವೆ ಕಿಟಕಿಯ ಬಳಿ ನಿಂತಿದ್ದಳು. ನಾಲ್ಕು ಪುಟ ನಿಂತೇ ಇದ್ದಳು. ಕಾಲು ನೋಯುತ್ತಿರಬೇಕು ಅನ್ನಿಸಿ ಹರಿದುಹಾಕಿದೆ. ಈ ಕರಡಿನಲ್ಲಿ ಅವಳಿಗೆ ಕುರ್ಚಿ ಕೊಟ್ಟಿದ್ದೇನೆ: ನಿರುದ್ಯೋಗ ಭತ್ಯೆ ಕಚೇರಿಯ ಪ್ಲಾಸ್ಟಿಕ್ ಕುರ್ಚಿ, ಟೋಕನ್ ಎಪ್ಪತ್ತೊಂದು. ಅವಳು ಎಂದರೆ ನಾನು. ಸುತ್ತಿ ಬಳಸುವುದು ಬೇಡ.

2.

ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿ ಗಾಜನ್ನು ದೀಪದ ಕೆಳಗೆ ಹಿಡಿದು ಗೀರು, ಗುಳ್ಳೆ ಹುಡುಕುವುದು ನನ್ನ ಕೆಲಸ. ನವೆಂಬರ್ ಆರರಂದು ಆ ಕೆಲಸಕ್ಕೆ ಒಂದು ಯಂತ್ರ ಬಂತು, ಆರು ಜನ ಹೊರಗೆ ಬಂದೆವು. ಮನೆಯಲ್ಲಿ ಅತ್ತೆ ಮತ್ತು ನಾನು. ಭತ್ಯೆ ಸಿಗದಿದ್ದರೆ ಜನವರಿಗೆ ಆ ಮನೆ ಖಾಲಿ ಮಾಡಬೇಕು.

ಕೌಂಟರಿನ ಮೇಡಂ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಯಾವಾಗ ಹೋಗಿದ್ದು?"

"ಮಾರ್ಚ್ ಇಪ್ಪತ್ತೊಂಬತ್ತು."

"ಇಷ್ಟು ಲೇಟಾಗಿ ಬಂದಿದ್ದೀರಲ್ಲ."

"ಆಗ ಬರೋಕೆ ಆಗಲಿಲ್ಲ."

"ಮುಂಚೆ ಏನಾದ್ರೂ ಹೇಳಿದ್ರಾ ಅವರು?"

"ಇಲ್ಲ. ಬೆಳಿಗ್ಗೆ ಚೆನ್ನಾಗೇ ಇದ್ರು."

"ಎಲ್ಲರದ್ದೂ ಇದೇ ಗೋಳು," ಎಂದು ಎಂಟರ್ ಒತ್ತಿದರು.

ಅವರು ಕೇಳಿದ್ದು ಕೆಲಸದ ವಿಷಯ. ನಾನು ಹೇಳಿದ್ದು ಗಂಡನ ವಿಷಯ. ನಮ್ಮ ಭಾಷೆಯಲ್ಲಿ ಕೆಲಸವೂ ಹೋಗುತ್ತದೆ, ಕರೆಂಟೂ ಹೋಗುತ್ತದೆ, ಮನುಷ್ಯರೂ ಹೋಗುತ್ತಾರೆ. ಎಂಟು ತಿಂಗಳಿಂದ ಆ ಪ್ರಶ್ನೆಗೆ ನನ್ನ ಬಾಯಲ್ಲಿ ಒಂದೇ ಉತ್ತರವಿತ್ತು. (ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದವಳು ಈ ತಪ್ಪು ಮಾಡಿದಳು ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.)

3.

ಹತ್ತು ದಿನಕ್ಕೆ ಪತ್ರ ಬಂತು: 'ಸಾಕಷ್ಟು ಗಳಿಕೆ ಇಲ್ಲ. ಅನರ್ಹ.'

ಅತ್ತೆ ಪತ್ರ ಓದಿದರು. ಆಮೇಲೆ, ಪಕ್ಕದಲ್ಲಿದ್ದ ಈ ಕಥೆಯನ್ನೂ ಓದಿದರು.

"ಬರೀ 'ಅತ್ತೆ' ಅಂತ ಬರೆದಿದ್ದೀಯಲ್ಲ. ಸೀರಿಯಲ್ ಅತ್ತೆ ಅನ್ಕೋತಾರೆ ಜನ."

"ಮತ್ತೇನು ಬರೀಲಿ?"

"ಕಿವಿ ಚುರುಕು ಅಂತ ಬರಿ."

(ಕಿವಿ ಚುರುಕು. ನಾಲಿಗೆ ಇನ್ನೂ ಚುರುಕು.)

"ನಾಳೆನೇ ಹೋಗಿ ಆ ತಾರೀಖು ಸರಿ ಮಾಡಿಸ್ಕೊಂಡು ಬಾ. ಕಥೆ ಎಲ್ಲೂ ಓಡಿಹೋಗಲ್ಲ."

4.

ಅದೇ ಮೇಡಂ. ವಿಷಯ ಹೇಳಿದೆ. ಅವರ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು.

"ಅಯ್ಯೋ, ನಾನು 'ಎಲ್ಲರದ್ದೂ ಇದೇ ಗೋಳು' ಅಂದುಬಿಟ್ನಲ್ಲ."

"ಅದೂ ನಿಜವೇ ಅಲ್ವಾ ಮೇಡಂ."

ತಾರೀಖು ತಿದ್ದಿದರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡರು. ಅದು ಅವರ ಕ್ಷಮಾಪಣೆ ಇರಬೇಕು.

"ನೋಡಿ, ಕೆಲಸ ಹೋದ ಮೂರು ತಿಂಗಳನ್ನ, ಅಂದ್ರೆ ಅಕ್ಟೋಬರ್‌ನಿಂದ ಡಿಸೆಂಬರ್‌ನ, ಬಿಟ್ಟುಬಿಡ್ತೀವಿ. ಅದರ ಹಿಂದಿನ ಒಂದು ವರ್ಷ ತಗೊಂಡು ಮೂರು ಮೂರು ತಿಂಗಳ ನಾಲ್ಕು ಭಾಗ ಮಾಡ್ತೀವಿ. ನೀವು ಮಾರ್ಚ್ ಅಂದಿದ್ರಿಂದ ಅದು ಹೋದ ವರ್ಷ ನೋಡ್ತು."

ಹೋದ ವರ್ಷ ನಾನು ಓದುತ್ತಿದ್ದೆ. ವಾರಕ್ಕೆ ಎರಡೇ ದಿನ ಕೆಲಸ.

"ಈಗ ಸರಿಯಾದ ವರ್ಷ ನೋಡುತ್ತೆ. ನಾಲ್ಕರಲ್ಲಿ ನೀವು ಅತಿ ಹೆಚ್ಚು ದುಡಿದಿದ್ದು ಯಾವುದೋ ಅದೊಂದನ್ನೇ ತಗೊಂಡು ಇಪ್ಪತ್ತಾರರಿಂದ ಭಾಗಿಸ್ತೀವಿ. ಅಷ್ಟು ವಾರ ವಾರ ಬರುತ್ತೆ."

"ಇಪ್ಪತ್ತಾರು ಯಾಕೆ?"

"ಮೂರು ತಿಂಗಳಿಗೆ ಹದಿಮೂರು ವಾರ. ಅದರ ಎರಡರಷ್ಟು. ಅಂದ್ರೆ ಆಗಿನ ವಾರದ ಸಂಬಳದಲ್ಲಿ ಅರ್ಧ."

ಹಾಳೆಯಲ್ಲಿ ನಾಲ್ಕು ಭಾಗ ಬರೆದು ಒಂದಕ್ಕೆ ಸುತ್ತು ಹಾಕಿದರು: ಏಪ್ರಿಲ್‌ನಿಂದ ಜೂನ್.

"ಇದೇನ್ರೀ, ದಿನಾ ಎರಡೆರಡು ಶಿಫ್ಟಾ?"

"ಹೂಂ. ಭಾನುವಾರನೂ."

"ಯಾಕೆ?"

"ಮನೆಗೆ ಹೋಗೋಕೆ ಆಗ್ತಿರಲಿಲ್ಲ."

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾನೂ ನಿಂತೆ. ಆ ಮೂರು ತಿಂಗಳು ನನಗೆ ನೆನಪಿಲ್ಲ. ದೀಪ, ಗಾಜು, ದೀಪ, ಗಾಜು. ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ನಾನು ಯಾರೆಂದೇ ಗೊತ್ತಿಲ್ಲದ ಒಂದು ಸೂತ್ರ ಇಡೀ ವರ್ಷದ ಮೇಲೆ ಬೆರಳಾಡಿಸಿ, ಉಳಿದದ್ದನ್ನೆಲ್ಲ ಪಕ್ಕಕ್ಕೆ ಸರಿಸಿ, ನೇರವಾಗಿ ಅಲ್ಲಿಗೇ ಬಂದು ಬೆರಳಿಟ್ಟಿತ್ತು. ನಕ್ಷತ್ರ ನೋಡಿ ಬೆರಗಾಗುವವರಿದ್ದಾರೆ. ನಾನು ಒಂದು ಭಾಗಾಕಾರದ ಮುಂದೆ ಬಾಯಿ ತೆರೆದು ಕೂತಿದ್ದೆ. ಏನಾದರೂ ಹೇಳಬೇಕಿತ್ತು.

"ನಿಮ್ಮ ಕನ್ನಡಕದ ಎಡಗಡೆ ಗಾಜಲ್ಲಿ ಗೀರಿದೆ ಮೇಡಂ," ಎಂದೆ.

6.

(ಐದು ಭಾವುಕವಾಗಿತ್ತು. ತೆಗೆದೆ.)

ಮುಕ್ತಾಯ ಅ: ಭತ್ಯೆ ಮಂಜೂರಾಗುತ್ತದೆ. ಅತ್ತೆ ಸೊಸೆ ಟೀ ಕುಡಿದು ಮುಗುಳ್ನಗುತ್ತಾರೆ. (ಟೀ ಪುಡಿಯ ಜಾಹೀರಾತು.)

ಮುಕ್ತಾಯ ಆ: ಮಂಜೂರಾಗುವುದಿಲ್ಲ. (ಬರೆದು ನೋಡಿದೆ. ಹೊಡೆದುಹಾಕಿದೆ.)

ಮುಕ್ತಾಯ ಇ: 'ಅರ್ಜಿ ಪರಿಶೀಲನೆಯಲ್ಲಿದೆ. ಎರಡು ವಾರ ಕಾಯಿರಿ.' ಇದು ನಿಜ. ನಿಜವಾದ್ದರಿಂದಲೇ ಮುಕ್ತಾಯವಲ್ಲ.

ಅತ್ತೆಗೆ ಮೂರೂ ಹಿಡಿಸಲಿಲ್ಲ. ಬಟ್ಟೆ ಮಡಚುತ್ತ ಕೇಳಿದರು:

"ವಾರಕ್ಕೆ ಎಷ್ಟು ಬರಬಹುದಂತೆ?"

"ಬಂದ್ರೆ, ಬಾಡಿಗೆ ಕಟ್ಟಿ ಸ್ವಲ್ಪ ಉಳಿಯುತ್ತೆ."

"ಯಾವ ಮೂರು ತಿಂಗಳ ಲೆಕ್ಕ?"

"ಏಪ್ರಿಲ್, ಮೇ, ಜೂನ್."

ಮಡಚುತ್ತಿದ್ದ ಕೈ ನಿಂತಿತು.

"ಮಗ ಹೋದ ಮೇಲಿನ ಮೂರು ತಿಂಗಳು. ನೀನು ಮಲಗೋಕೆ ಮಾತ್ರ ಬರ್ತಿದ್ದೆ."

"ಹೂಂ."

"ನಾನು ಇಲ್ಲೇ ಇದ್ದೆ. ಒಬ್ಬಳೇ. ಅದನ್ನ ಯಾವ ಕಾಲಂನಲ್ಲಿ ಬರೀತಾರೆ?"

ಅರ್ಜಿಯ ಪ್ರತಿಯನ್ನು ತಿರುವಿ ನೋಡಿದೆ. ಅಂಥ ಕಾಲಂ ಇರಲಿಲ್ಲ. ಕಥೆಯನ್ನು ತಿರುವಿ ನೋಡಿದೆ. ಅದರಲ್ಲೂ ಇರಲಿಲ್ಲ. ಅತ್ತೆಯ ಬಗ್ಗೆ ಒಂದು ಆವರಣ ಚಿಹ್ನೆಯೊಳಗೆ ನಾಲ್ಕು ಮಾತು ಬರೆದು ಕೈತೊಳೆದುಕೊಂಡಿದ್ದೆ. ಮೂರು ತಿಂಗಳು ಕೈತೊಳೆದುಕೊಂಡ ಹಾಗೆಯೇ.

"ನೀವು ಹೇಳಿ. ನಾನು ಬರೀತೀನಿ."

"ಎಲ್ಲಾನಾ?"

"ತೊಂಬತ್ತೊಂದು ದಿನ ಇದೆ."

ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಏಪ್ರಿಲ್ ಒಂದು. ಎದ್ದು ಅವನ ಶರ್ಟಿಗೆ ಗುಂಡಿ ಹೊಲಿದೆ. ಹೊಲಿದು ಮುಗಿಸಿದ ಮೇಲೆ ನೆನಪಾಯ್ತು. ಕೆಲಸ ಮುಗಿದುಹೋದ್ರೆ ಆಮೇಲೇನು ಮಾಡೋದು ಅಂತ, ಬಿಚ್ಚಿ ಮತ್ತೆ ಹೊಲಿದೆ. ಬರ್ಕೊಂಡ್ಯಾ?"

"ಬರ್ಕೊಂಡೆ."

"ನಿಧಾನಕ್ಕೆ ಬರಿ. ಇನ್ನೂ ಬೆಳಿಗ್ಗೆ ಏಳು ಗಂಟೆನೂ ಆಗಿಲ್ಲ."