ಕೆಸರಿಗೆ ಡೀಸೆಲ್ ಹಾಕಿದ್ರಾ?

ನಮ್ಮ ಪ್ರಯೋಗಾಲಯದ ಕಂಪ್ಯೂಟರಿನೊಳಗೆ ನನ್ನ ಭಾವ ಕೂತಿದ್ದಾರೆ. ತಲೆ ಕೆಟ್ಟಿದೆ ಅನ್ನುತ್ತೀರಾ, ಅನ್ನಿ. ತೈಲಬಾವಿಯ ಆಳದಿಂದ ಬಂದ ಕಲ್ಲುಪುಡಿಯ ಅಂಕಿಗಳನ್ನು ತುಂಬಿದರೆ, ಕೆಳಗೆ ಎಣ್ಣೆ ಇದೆಯೋ ಇಲ್ಲವೋ ಎಂದು ಹೇಳುವ ತಂತ್ರಾಂಶ ಅದು. ತಮ್ಮ ಮೂವತ್ತು ವರ್ಷದ ಅನುಭವವನ್ನೆಲ್ಲ ಭಾವ ನಿಯಮಗಳಾಗಿ ಹೇಳುತ್ತಾ ಹೋದರು, ಇದೇ ಪ್ರಯೋಗಾಲಯದಲ್ಲಿರುವ ನನ್ನ ಅಕ್ಕ ಅವರ ಬದಿಗೆ ಕೂತು ಟೈಪಿಸಿದಳು. ಮನಸ್ಸಿಗೆ ಬಂದದ್ದನ್ನೆಲ್ಲ ಬರೆಸುವ ಮನುಷ್ಯ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ತಂತ್ರಾಂಶ ಮಾತ್ರ ಇಂದಿಗೂ ಅವರ ಧಾಟಿಯಲ್ಲೇ ಪ್ರಶ್ನೆ ಕೇಳುತ್ತದೆ: 'ಮಾದರಿ ತೊಳೆದಿದ್ದು ಯಾರು? ನೀವೇನಾ?' ಓದುವಾಗ ಅವರ ದನಿಯೇ ಕಿವಿಗೆ ಬೀಳುತ್ತದೆ.

ನಾನು ಹೆದರುವುದು ಒಂದೇ ಪ್ರಶ್ನೆಗೆ: 'ಕೆಸರಿಗೆ ಡೀಸೆಲ್ ಹಾಕಿದ್ರಾ? ನಿಜ ಹೇಳಿ.' ಬಾವಿ ಕೊರೆಯುವಾಗ ಪೈಪು ಸಿಕ್ಕಿಕೊಂಡರೆ, ಒಳಗೆ ಹರಿಸುವ ಕೆಸರಿಗೆ ಡೀಸೆಲ್ ಸುರಿದು ಬಿಡಿಸುತ್ತಾರೆ. ಅದನ್ನು ಬರೆದಿಡದಿದ್ದರೆ ಒಣ ಕಲ್ಲಿನಲ್ಲೂ ಎಣ್ಣೆ ಕಾಣಿಸುತ್ತದೆ. ನಾಲ್ಕನೇ ಬಾವಿಯಲ್ಲಿ ಕೆಲಸಕ್ಕಿದ್ದ ನಾನು ಬರೆಯಲು ಮರೆತೆ. ನೆನಪಾದ ಮೇಲೂ ಬಾಯಿ ಬಿಡಲಿಲ್ಲ. ಎಣ್ಣೆ ಸಿಕ್ಕಿತೆಂದು ಎಲ್ಲರೂ ಕುಣಿಯುತ್ತಿದ್ದಾಗ, ಆ ಬಾವಿಗೆ ಹೊರಟ ಭಾವನ ಜೀಪು ತಿರುವಿನಲ್ಲಿ ಉರುಳಿತು. ನನ್ನ ಸುಳ್ಳು ನಂಬಿ ಹೋಗಿ ಸತ್ತರೆಂದು ಗೊತ್ತಾದರೆ ಅಕ್ಕ ನನ್ನ ಮುಖ ನೋಡಲಾರಳು. ನನಗಿರುವುದು ಅವಳೊಬ್ಬಳೇ. ಅದಕ್ಕೇ ಆ ಪ್ರಶ್ನೆ ಬಂದಾಗಲೆಲ್ಲ, ಬಾವಿಯಿಂದ ಬಂದ ಚೀಟಿಯನ್ನೂ ನೋಡದೆ 'ಇಲ್ಲ' ಒತ್ತಿಬಿಡುತ್ತೇನೆ.

ಇವತ್ತು ಮಧ್ಯಾಹ್ನ ಹನ್ನೊಂದನೇ ಬಾವಿಯ ಅಂಕಿ ತುಂಬಿ 'ಇಲ್ಲ' ಒತ್ತಿದೆ. ಪ್ರಶ್ನೆ ಮತ್ತೆ ಬಂತು. ಒತ್ತಿದೆ. ಮತ್ತೆ ಬಂತು. ಆಳದ ಬಿಸಿಯಲ್ಲಷ್ಟೇ ಮಾಗುವ ಎಣ್ಣೆ ಇಷ್ಟು ಮೇಲಿನ ಕಲ್ಲಿನಲ್ಲಿ ಇರಲಾರದು, ಸರಿಯಾಗಿ ವಿಚಾರಿಸಿ ಎಂದಿತು. ಮೈ ಉರಿಯಿತು. ಸತ್ತ ಮೇಲೂ ಈ ಮನುಷ್ಯ ಬೆನ್ನು ಬಿಡುವುದಿಲ್ಲವಲ್ಲ ಎಂದುಕೊಂಡು, ಇಷ್ಟು ವರ್ಷ ಮುಟ್ಟದಿದ್ದ 'ಏಕೆ?' ಗುಂಡಿ ಒತ್ತಿದೆ. ನಿಯಮದ ಹಿಂದಿನ ಕಾರಣ ತೋರಿಸುವ ಗುಂಡಿ ಅದು.

'ನಾಲ್ಕನೇ ಬಾವಿಯ ಮಾದರಿಯಲ್ಲಿ ಡೀಸೆಲ್ ಇದೆ. ನಮ್ಮವನು ಬರೆಯಲು ಮರೆತಿದ್ದಾನೆ. ನಾಳೆ ನಾನೇ ಹೋಗಿ ಬೇರೆ ಮಾದರಿ ತರುತ್ತೇನೆ. ಅವನನ್ನು ಯಾರೂ ಕೇಳಬೇಡಿ, ಹೆದರುತ್ತಾನೆ.'

ಕೆಳಗೆ ಭಾವ ಸಾಯುವ ಹಿಂದಿನ ದಿನದ ತಾರೀಖು ಇತ್ತು. ಟೈಪಿಸಿದವರು ಎಂಬಲ್ಲಿ ಅಕ್ಕನ ಹೆಸರು.

ಅಕ್ಕ ಎದುರಿನ ಮೇಜಿನಲ್ಲೇ ಶೀಶೆಗಳಿಗೆ ಚೀಟಿ ಅಂಟಿಸುತ್ತಿದ್ದಳು.

"ಅಕ್ಕಾ, ನಾಲ್ಕನೇ ಬಾವಿಗೆ ಡೀಸೆಲ್ ಹಾಕಿದ್ರು. ನಾನು ಬರೀಲಿಲ್ಲ."

ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಮೂಲೆ ಏಳದಂತೆ ಒತ್ತಿ ಅಂಟಿಸಿದಳು.

"ಕೇಳಬೇಡ ಅಂದಿದ್ರು, ಕೇಳಲಿಲ್ಲ," ಎಂದಳು. "ಆದ್ರೆ ನೀನು 'ಇಲ್ಲ' ಒತ್ತೋ ಸದ್ದು ಒಂಬತ್ತು ವರ್ಷದಿಂದ ಕೇಳ್ತಾನೇ ಇದೀನಿ ಕಣೋ."