ಎಡದಂಚಿನ ಬೆರಳುಗಳು

ಹೋದ ಸಲ ನಮ್ಮ ವಾಟ್ಸಾಪ್ ಗುಂಪಿಗೆ ಕಥೆ ಕಳಿಸಿದಾಗ ‘ತಾತಂಗೆ ನೆನಪು ಕೈಕೊಟ್ಟಿದೆ, ಬುರುಡೆ ಬಿಡ್ತಿದ್ದಾರೆ’ ಎಂದು ಬರೆದ ಮಹಾಶಯ ಯಾರೆಂದು ನನಗೆ ಗೊತ್ತು. ನಿನ್ನೆ ಊಟಕ್ಕೆ ಏನು ಸಾರಿತ್ತು ಎಂದರೆ ಹೇಳಲಾರೆ, ನಿಜ. ಆದರೆ ಎಂಬತ್ತೆರಡನೇ ಇಸವಿಯಲ್ಲಿ ಕೋಲಾರದ ಕಾಲೇಜಿನ ಹುಣಸೆಮರದ ಕೆಳಗೆ ಯಾರು ದೊಣ್ಣೆ ಹಿಡಿದಿದ್ದರು, ಯಾವ ಕೈಯಲ್ಲಿ ಹಿಡಿದಿದ್ದರು ಎಂದು ಕೇಳಿ, ಹೇಳುತ್ತೇನೆ. ಇದನ್ನು ನನಗೆ ಹೇಳಿದವಳು ಸ್ವತಃ ಮಾಧವಿ. ಸುಮ್ಮನೆ ಕೂತು ಕೇಳುವುದಾದರೆ ಕೇಳಿ, ಇಲ್ಲದಿದ್ದರೆ ಎದ್ದು ಹೋಗಿ.

ಮಾಧವಿ ಮುಳಬಾಗಿಲಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಲಕ್ಷ್ಮೀನಾರಾಯಣರ ಮಗಳು. ಎಡಚಿ. ಮಡಿವಂತರ ಮನೆಯಲ್ಲಿ ಎಡಚಿ ಹುಟ್ಟಿದರೆ ಏನು ಗತಿಯೋ ಅದೇ ಆಯಿತು. ಅಜ್ಜಿ ಊಟದ ಹೊತ್ತಿಗೆ ಅವಳ ಎಡಗೈಯನ್ನು ಸೆರಗಿನ ತುದಿಯಿಂದ ಕಟ್ಟಿ ಕೂರಿಸುತ್ತಿದ್ದರು. ಹಾಗೆ ಬಲಗೈಯಲ್ಲಿ ಉಣ್ಣುವುದನ್ನೂ ಬರೆಯುವುದನ್ನೂ ಕಲಿತಳು. ಯಾರೂ ನೋಡದಿದ್ದಾಗ ಮಾತ್ರ ಎಡಗೈ ತನ್ನ ಪಾಡಿಗೆ ತಾನು ಮುಂದೆ ಬರುತ್ತಿತ್ತು.

ಅವಳು ಮಲಗುತ್ತಿದ್ದ ಕೋಣೆಗೆ ಮಾಲೂರಿನ ಹೆಂಚು ಹೊದಿಸಿತ್ತು. ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ ಮಲಗಿ ನೋಡಿದರೆ ನೆತ್ತಿಯ ಮೇಲಿನ ಹೆಂಚಿನ ಎಡದಂಚಿನಲ್ಲಿ ನಾಲ್ಕು ಗುಳಿಗಳು ಎದ್ದು ಕಾಣುತ್ತಿದ್ದವು. ಹಸಿ ಮಣ್ಣಿನಲ್ಲಿ ಯಾರೋ ಬೆರಳೂರಿದ ಗುರುತು. ಎಡದಂಚು ಅಂದರೆ ಎಡಗೈ, ಎಂದು ಚಿಕ್ಕಂದಿನಲ್ಲೇ ತೀರ್ಮಾನಿಸಿಬಿಟ್ಟಳು. ಮಾಲೂರಿನಲ್ಲಿ ತನ್ನಂಥ ಇನ್ನೊಬ್ಬಳಿದ್ದಾಳೆ, ಅವಳ ಕೈಯನ್ನು ಯಾರೂ ಕಟ್ಟಿಲ್ಲ, ದಿನವೆಲ್ಲ ಎಡಗೈಯಲ್ಲೇ ಕೆಲಸ ಮಾಡುತ್ತಾಳೆ. ಅವಳು ಹೇಗಿದ್ದಾಳು? ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಹಾಗಾಗಿ ಬಿ.ಕಾಂ. ಓದುವಾಗ ಕೃಷ್ಣಮೂರ್ತಿ ಮೇಷ್ಟ್ರು, ಈ ಸಲ ಮಾಲೂರಿನ ಹೆಂಚಿನ ಕಾರ್ಖಾನೆ ನೋಡಲು ಹೋಗುತ್ತೇವೆ ಎಂದಾಗ ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳು ಅವಳೇ. ಆದರೆ ಪ್ರಿನ್ಸಿಪಾಲರು ಒಂದು ಕೊಕ್ಕೆ ಹಾಕಿದರು. ಹಿಂದಿನ ವರ್ಷ ಪ್ರವಾಸ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಪೋಲಿಗಳು ಹುಡುಗಿಯರ ಜಡೆ ಎಳೆದಿದ್ದರು. ಅದಕ್ಕೆ ಹುಡುಗಿಯರೆಲ್ಲ ದೊಣ್ಣೆವರಸೆ ಕಲಿಯಬೇಕು, ಉಸ್ತಾದರು ಸೈ ಎಂದವರಷ್ಟೇ ಬಸ್ಸು ಹತ್ತಬೇಕು. ಜಡೆ ಎಳೆದವರಿಗೆ ಏನೂ ಇಲ್ಲ, ಎಳೆಸಿಕೊಂಡವರಿಗೆ ಪರೀಕ್ಷೆ. ಆಗಿನ ನ್ಯಾಯ ಹಾಗಿತ್ತು. ಈಗ ಬಹಳ ಬದಲಾಗಿದೆ ಎಂದು ಹಲ್ಲು ಕಿರಿಯಬೇಡಿ.

ಉಸ್ತಾದ್ ಚನ್ನರಾಯಪ್ಪ ಕೋಲಾರದಲ್ಲಿ ಗರಡಿ ನಡೆಸುತ್ತಿದ್ದವರು. ಗರಡಿಯ ಮಣ್ಣಿಗೆ ಹೆಂಗಸರು ಕಾಲಿಡುವಂತಿರಲಿಲ್ಲ, ಅದಕ್ಕೇ ಕಾಲೇಜಿನ ಹುಣಸೆಮರದ ಕೆಳಗೆ ಪಾಠ. ಮೊದಲ ದಿನವೇ ಅವರು ಕಟ್ಟಳೆ ಹೇಳಿದರು. ಬಲಗೈಯಲ್ಲಿ ಭೂಮಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಬಲಗೈಯಲ್ಲೇ ದೊಣ್ಣೆ ಹಿಡಿಯಬೇಕು, ಸಾಲಾಗಿ ನಿಂತು ಎಲ್ಲರೂ ಒಟ್ಟಿಗೆ ಬೀಸಬೇಕು.

ಮಾಧವಿ ಬಲಗೈಯಲ್ಲೇ ಹಿಡಿದಳು. ಆದರೆ ‘ಹೊಡಿ’ ಎಂದು ಕೂಗಿದ ತಕ್ಷಣ ದೊಣ್ಣೆ ಅದೇನು ಮಾಯವೋ ಎಡಗೈಗೆ ಹಾರಿತು. ಪಕ್ಕದಲ್ಲಿದ್ದ ಗೆಳತಿ ನಾಗಮಣಿಯ ಗೆಣ್ಣಿಗೆ ಫಟ್ ಎಂದು ಏಟು ಬಿತ್ತು.

“ಅಯ್ಯಮ್ಮಾ, ನಾನೇನೇ ಪಾಪ ಮಾಡಿದ್ದೆ ನಿಂಗೆ?” ಎಂದು ನಾಗಮಣಿ ಕೈ ಕೊಡವಿದಳು.

ಮರುದಿನವೂ ಅದೇ ಕಥೆ. ಮೂರನೆಯ ದಿನ ನಾಗಮಣಿ ದೂರ ಸರಿದು ನಿಂತಳು.

“ಏನಮ್ಮಾ ಇದು?” ಎಂದರು ಉಸ್ತಾದರು. “ಎಡಗೈಯಾಗ್ ದೊಣ್ಣೆ ಹಿಡಿಯೋದಂದ್ರೆ ಗರಡಿ ಆಂಜನೇಯನಿಗೇ ಅವಮಾನ. ಸಾಲೂ ಕೆಡ್ತದೆ. ನೀನು ಹೋಗಿ ಆ ಕಟ್ಟೆ ಮೇಲೆ ಕೂತ್ಕೋ ತಾಯಿ.”

“ಕೂತ್ಕೊಂಡ್ರೆ ಮಾಲೂರಿಗೆ ಕಳಿಸ್ತೀರಾ ಸಾರ್?”

“ಕಲೀದೇ ಇದ್ರೆ ಹೆಂಗಮ್ಮಾ ಸೈ ಅನ್ನೋದು?”

ಕಟ್ಟೆಯ ಮೇಲೆ ಕೂತು ಮಾಧವಿ ಉಳಿದವರು ಬೀಸುವುದನ್ನು ನೋಡಿದಳು. ಅಳಲಿಲ್ಲ. ಆ ನಾಲ್ಕು ಬೆರಳ ಗುರುತಿನವಳು ಮಾಲೂರಿನಲ್ಲಿ ಕೆಲಸ ಮಾಡುತ್ತಿರುತ್ತಾಳೆ, ತಾನು ಇಲ್ಲಿ ಕಟ್ಟೆ ಕಾಯುತ್ತಿರುತ್ತೇನೆ, ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಆ ವಾರದ ಕೊನೆಗೆ ಕಾಲೇಜಿನಲ್ಲಿ ಒಂದು ಭಾಷಣ. ಶ್ರೀನಿವಾಸಪುರದಲ್ಲಿ ಕಿವುಡು ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಾಮಲಮ್ಮ ಬಂದಿದ್ದರು. ಯಾರನ್ನೂ ಹೊರಗಿಡಬಾರದು, ಎಲ್ಲರನ್ನೂ ಕೂಡಿಸಿಕೊಂಡು ಹೋಗಬೇಕು ಎಂದು ಮಾತಾಡಿದರು. ಹುಡುಗರು ಆಕಳಿಸಿದರು. ಹಿಂದಿನ ಬೆಂಚಿನಲ್ಲಿ ಉಸ್ತಾದರು ಬನ್ನನ್ನು ಟೀಯಲ್ಲಿ ಅದ್ದಿ ತಿನ್ನುತ್ತಿದ್ದರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಎದ್ದವಳು ಮಾಧವಿ.

“ಮೇಡಂ, ಸಾಲಲ್ಲಿ ನಿಲ್ಸಿದ್ರೆ ಪಕ್ಕದವ್ರಿಗೇ ಏಟು ಹಾಕೋರನ್ನ ಏನ್ ಮಾಡ್ಬೇಕು?”

ಎಲ್ಲರೂ ಘೊಳ್ಳೆಂದರು. ಶಾಮಲಮ್ಮ ನಗಲಿಲ್ಲ. ಏನಾಯಿತೆಂದು ಪೂರ್ತಿ ಕೇಳಿ ತಿಳಿದುಕೊಂಡು ಹಿಂದಿನ ಬೆಂಚಿನತ್ತ ನೋಡಿದರು.

“ಉಸ್ತಾದ್ರೇ, ಬಸ್‌ಸ್ಟ್ಯಾಂಡಲ್ಲಿ ಎದುರಿಗೆ ಬರೋ ಪೋಲಿ ಎಡಚನಾಗಿದ್ರೆ ನಿಮ್ಮ ಹುಡ್ಗೀರು ಏನ್ ಮಾಡ್ತಾರೆ?”

“ಅಂಥೋನು ಬಂದಿಲ್ಲಮ್ಮ ಇದುವರ್ಗೂ.”

“ಬಂದ್ರೆ?”

ಉಸ್ತಾದರ ಬನ್ನು ಮುರಿದು ಟೀಯೊಳಗೆ ಬಿತ್ತು. ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ಅವರು ತಮ್ಮ ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತರು.

ಸೋಮವಾರ ಅವರು ಎಲ್ಲರಿಗಿಂತ ಮೊದಲೇ ಮರದ ಕೆಳಗೆ ಬಂದು ನಿಂತಿದ್ದರು. “ಬಾಮ್ಮಾ ಎಡಚಿ. ಆ ಮೇಡಮ್ಮು ನನ್ ನಿದ್ದೆ ಕೆಡ್ಸವ್ರೆ. ಭೂಮಿನ ಮಾತ್ರ ಬಲಗೈಯಾಗೇ ಮುಟ್ಟು, ಅದನ್ನ ಬಿಡಾಕಾಗಲ್ಲ. ಆಮೇಲೆ ನಿನ್ನಿಷ್ಟ. ನನ್ನ ಹೊಡಿ, ನೋಡಾನ.”

ಮಾಧವಿ ಬಲಗೈಯಲ್ಲಿ ಭೂಮಿ ಮುಟ್ಟಿ ಎಡಗೈಯಲ್ಲಿ ದೊಣ್ಣೆ ಎತ್ತಿದಳು. ಉಸ್ತಾದರು ರೂಢಿಯಂತೆ ತಮ್ಮ ಎಡಕ್ಕೆ ಅಡ್ಡ ಹಿಡಿದರು. ಏಟು ಬಂದದ್ದು ಬಲಕ್ಕೆ. ಅವರ ಗೆಣ್ಣಿಗೇ ಬಿತ್ತು.

ಉಸ್ತಾದರು ಗೆಣ್ಣು ಚೀಪಿಕೊಂಡು, “ಇನ್ನೊಂದ್ ಸಲಿ,” ಎಂದರು. ಇನ್ನೊಂದು ಸಲವೂ ತಿಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಅವಳ ಸುತ್ತ ಒಂದು ಸುತ್ತು ಬಂದು, “ಇಷ್ಟ್ ವರ್ಷ ಇದು ಹೊಳೀಲೇ ಇಲ್ವಲ್ಲಾ,” ಎಂದರು.

ಅಂದಿನಿಂದ ಮಾಧವಿ ಸಾಲಿನಲ್ಲಿ ನಿಲ್ಲಲಿಲ್ಲ, ಸಾಲಿನ ಎದುರಿಗೆ ನಿಂತಳು. ಪ್ರತಿ ಹುಡುಗಿಯೂ ಅವಳ ಏಟನ್ನು ತಡೆಯುವುದನ್ನು ಕಲಿತರೆ ಮಾತ್ರ ಸೈ. ನಾಗಮಣಿ ಹಳೆಯ ಏಟನ್ನು ಬಡ್ಡಿ ಸಮೇತ ತೀರಿಸಿಕೊಂಡಳು. ಕೊನೆಗೆ ಉಸ್ತಾದರು ಮಾಧವಿಗೂ ಸೈ ಎಂದರು, ಅವಳು ಬಸ್ಸು ಹತ್ತಿದಳು.

ಮಾಲೂರಿನ ಕಾರ್ಖಾನೆಯಲ್ಲಿ ಕೃಷ್ಣಮೂರ್ತಿ ಮೇಷ್ಟ್ರು ಬಂಡವಾಳ, ಉತ್ಪಾದನೆ ಎಂದು ಏನೇನೋ ವಿವರಿಸುತ್ತಿದ್ದರು. ಮಾಧವಿ ಮೆಲ್ಲಗೆ ಹಿಂದೆ ಉಳಿದಳು. ಕೆಂಪು ಮಣ್ಣಿನ ಮುದ್ದೆ ಅಚ್ಚಿನೊಳಗೆ ಹೋಗುತ್ತಿತ್ತು, ಮೇಲಿನಿಂದ ಒತ್ತು ಬೀಳುತ್ತಿತ್ತು, ಹೆಂಚಾಗಿ ಈಚೆ ಬರುತ್ತಿತ್ತು. ಅಲ್ಲಿ ನಿಂತ ಹೆಂಗಸರು ಒಂದು ಕೈಯಲ್ಲಿ ಹಲಗೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಅಂಚಿನ ಅಡಿಗೆ ತೂರಿಸಿ ಹಸಿ ಹೆಂಚನ್ನು ಎತ್ತಿ ಹಲಗೆಗೆ ಜಾರಿಸುತ್ತಿದ್ದರು. ಬೆರಳು ತೂರಿಸುತ್ತಿದ್ದುದು ಬಲಗೈ. ಒಬ್ಬೊಬ್ಬರನ್ನಾಗಿ ನೋಡುತ್ತ ಹೋದಳು. ಎಲ್ಲರದೂ ಬಲಗೈ.

“ಏಮಿ ಪಾಪಾ, ಏನ್ ಹುಡುಕ್ತಿದ್ದೀಯಾ?” ಎಂದಳು ಮುನಿಗಂಗಮ್ಮ ಎಂಬ ಹೆಂಗಸು, ಕೈ ನಿಲ್ಲಿಸದೆ.

“ಇಲ್ಲಿ ಎಡಗೈಯಲ್ಲಿ ಎತ್ತೋರು ಯಾರಮ್ಮಾ?”

“ಯಾರೂ ಇಲ್ವಲ್ಲ. ಯಾಕೆ?”

“ನಮ್ಮನೇ ಹೆಂಚಲ್ಲಿ ಎಡಗಡೆ ಬೆರಳು ಮೂಡಿದೆ. ನಾನು ದಿನಾ ನೋಡ್ತೀನಿ.”

“ಮಲಕ್ಕೊಂಡು, ಕೆಳಗಿಂದಾನಾ?” ಮುನಿಗಂಗಮ್ಮ ಆಗಷ್ಟೇ ಬಲಗೈಯಲ್ಲಿ ಎತ್ತಿದ ಹೆಂಚನ್ನು ಪುಟ ತಿರುವಿದ ಹಾಗೆ ಪಕ್ಕಕ್ಕೆ ಮಗುಚಿ ಹಿಡಿದಳು. ಬಲದಂಚಿನ ಬೆರಳುಗಳು ಎಡದಂಚಿಗೆ ಬಂದವು. ನಾಲ್ಕು ಗುಳಿ, ಮಾಧವಿಯ ನೆತ್ತಿಯ ಮೇಲಿದ್ದಂತೆಯೇ. “ನೀನ್ ನೋಡಿದ್ದು ಹೆಂಚಿನ ಹೊಟ್ಟೆ ಕಣಮ್ಮ. ಎಲ್ರ ಮನೇಲೂ ಹಂಗೇ ಕಾಣ್ತದೆ.”

ಮಾಧವಿಗೆ ನಗು ಬಂತು. ಅಷ್ಟು ವರ್ಷ ಜೊತೆಗಿದ್ದವಳು ಇರಲೇ ಇಲ್ಲ. ಅವಳು ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದಳು.

“ನಾನೊಂದು ಎತ್ತಲಾ?”

“ಕೈ ಕೊಳೆ ಆಗ್ತದೆ.”

“ಆಗ್ಲಿ.”

ಮೊದಲನೆಯದು ಮುರಿದು ಮಣ್ಣಿನ ರಾಶಿಗೆ ಹೋಯಿತು. ಎರಡನೆಯದನ್ನು ಎಡಗೈ ತೂರಿಸಿ ಎತ್ತಿ ನೀಟಾಗಿ ಹಲಗೆಗೆ ಜಾರಿಸಿದಳು. ಮುನಿಗಂಗಮ್ಮ ಬಗ್ಗಿ ಅಡಿಯನ್ನು ನೋಡಿ, “ಇದೊಂದೇ ನೋಡು, ಆ ಕಡೆ ಮೂಡಿರೋದು,” ಎಂದು ಅದನ್ನೂ ಉಳಿದವುಗಳ ಜೊತೆ ಒಣಗಲು ಇಟ್ಟಳು. ಹೊರಗಿನಿಂದ ಮೇಷ್ಟ್ರು ಕರೆಯುತ್ತಿದ್ದರು.

ಆ ಹೆಂಚು ಸುಟ್ಟು ಯಾವ ಊರಿಗೆ ಹೋಯಿತೋ. ಲಕ್ಕೂರಿಗೋ, ಕುರುಡುಮಲೆಗೋ, ಆಂಧ್ರಕ್ಕೋ. ಮಾಧವಿ ಈಗಲೂ ಹೆಂಚಿನ ಮನೆಗೆ ಹೋದರೆ ಕಾಫಿಗಿಂತ ಮೊದಲು ತಲೆ ಎತ್ತುತ್ತಾಳೆ. ನಿಮ್ಮಲ್ಲಿ ಯಾರದ್ದಾದರೂ ಹಳೆಯ ಮನೆ ಇನ್ನೂ ನಿಂತಿದ್ದರೆ ಒಮ್ಮೆ ಅಂಗಾತ ಮಲಗಿ ನೋಡಿ. ಎಲ್ಲ ಹೆಂಚಿನ ಗುರುತು ಒಂದು ಕಡೆಗಿದ್ದು ಒಂದರದು ಮಾತ್ರ ಇನ್ನೊಂದು ಕಡೆಗಿದ್ದರೆ ನನಗೆ ಹೇಳಿ, ಅವಳಿಗೆ ತಿಳಿಸುತ್ತೇನೆ. ನಿಮ್ಮ ಮನೆ ಬಿದ್ದುಹೋಗಿದ್ದರೆ, ಹೆಂಚಿನ ಕೆಳಗೆ ಇನ್ನೂ ಮಲಗುವ ಯಾರಿಗಾದರೂ ಈ ಕಥೆಯನ್ನು ದಾಟಿಸಿ.