ಎಂಬತ್ತನಾಲ್ಕರ ಮೊರೆತ

ಓಟಾರಾದಲ್ಲಿ, ಸಮೋವಾದಿಂದ ವಲಸೆ ಬಂದವರ ಆ ಮನೆಯಲ್ಲಿ ಲೂಪೆಗೆ ತನ್ನದೆನ್ನುವ ಒಂದು ಮೂಲೆಯೂ ಇರಲಿಲ್ಲ. ಹಜಾರದಲ್ಲಿ ಗಂಡನ ತಮ್ಮಂದಿರು ಚಾಪೆ ಹಾಸಿ ಮಲಗುತ್ತಿದ್ದರು, ಅಡುಗೆಮನೆಯಲ್ಲಿ ಸದಾ ಯಾರೋ ಟ್ಯಾರೋ ಗೆಡ್ಡೆ ಬೇಯಿಸುತ್ತಿದ್ದರು. ಅವಳಿಗೆ ಏಕಾಂತವೆಂದು ದಕ್ಕುತ್ತಿದ್ದದ್ದು ಬೆಳಿಗ್ಗೆ ಮಾತ್ರ. ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಅವಳೊಬ್ಬಳೇ ಹೋಗುವ ಹೆದ್ದಾರಿಯ ದಾರಿ ಅದು. ಕಾರಿನ ರೇಡಿಯೊ ಮೂಕ. ಜಪಾನಿನಿಂದ ಬಂದದ್ದು, ಎಫ್‌ಎಂನಲ್ಲಿ ತೊಂಬತ್ತರವರೆಗಷ್ಟೇ ಹಿಡಿಯುತ್ತದೆ, ಇಲ್ಲಿನ ಕೇಂದ್ರಗಳೆಲ್ಲ ಅದಕ್ಕಿಂತ ಮೇಲೆ. ಲೂಪೆಗೆ ಅದೇ ಬೇಕಾಗಿತ್ತು.

ಅತ್ತೆ ಮಾಸಿನಾಗೆ ಬೇಕಾಗಿದ್ದದ್ದು ಬೇರೆ.

"ನೂರನಾಲ್ಕರಲ್ಲಿ ಬೆಳಿಗ್ಗೆಯೆಲ್ಲ ನಮ್ಮ ಸಮೋವಾ ಮಾತೇ ಬರುತ್ತಂತೆ. ಈ ಮನೇಲಿ ಒಂದು ಮಾತು ಕೇಳಿಸೋಕೆ ಬಿಡ್ತಾರಾ? ಕಾರಲ್ಲಿ ಹಾಕಿಸು ಸೆಫೊ. ನಾನು ಲೂಪೆ ಜೊತೆ ಹೋಗಿ, ಅವಳ ಕೆಲಸ ಮುಗಿಯೋವರೆಗೂ ಅಲ್ಲೇ ಕೂತು ಕೇಳ್ತೀನಿ."

ಲೂಪೆಗೆ ಉಳಿದಿದ್ದ ಆ ಒಂದು ದಾರಿಯೂ ಹೋಗುವುದರಲ್ಲಿತ್ತು. ಆದರೆ ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರಾಡುವ ಸೊಸೆ ಹುಟ್ಟಿರಲಿಲ್ಲ.

ಶನಿವಾರ ಮೈದುನ ಸೆಫೊ ಮೇಲಿನ ಕೇಂದ್ರಗಳನ್ನು ಕೆಳಗಿನ ಅಂಕಿಗೆ ಇಳಿಸುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದನ್ನು ತಂದ. ರೇಡಿಯೊ ಹೊರಕ್ಕೆಳೆದು, ಏರಿಯಲ್ ತಂತಿಗೂ ಅದಕ್ಕೂ ನಡುವೆ ಡಬ್ಬಿಯನ್ನು ಸಿಕ್ಕಿಸಿದ.

"ಇನ್ನು ನೂರನಾಲ್ಕು ಇಲ್ಲಿ ಎಂಬತ್ತನಾಲ್ಕಾಗುತ್ತೆ ಅತ್ತಿಗೆ. ಇಪ್ಪತ್ತು ವರ್ಷ ಚಿಕ್ಕವಳಾದ ಹಾಗೆ!"

"ಹಾಗಾದ್ರೆ ನನ್ನನ್ನೂ ಒಂದ್ಸಲ ಅದರೊಳಗೆ ತುರುಕಪ್ಪ," ಎಂದಳು ಮಾಸಿನಾ ಮೆಟ್ಟಿಲ ಮೇಲಿಂದ.

ಫೋನಿನ ಬೆಳಕು ಹಿಡಿದು ನಿಂತಿದ್ದವಳು ಲೂಪೆ. ಸೆಫೊ ರೇಡಿಯೊವನ್ನು ಒಳಕ್ಕೆ ನೂಕುವಾಗ ಡಬ್ಬಿಗೆ ವಿದ್ಯುತ್ ಕೊಡುವ ಕೆಂಪು ತಂತಿ ಕಳಚಿ ಬಿದ್ದದ್ದನ್ನು ಅವಳು ನೋಡಿದಳು.

"ಎಲ್ಲ ಸರಿಯಾಗಿದ್ಯಾ ಅತ್ತಿಗೆ? ಏನಾದ್ರೂ ಸಿಕ್ಕಾಕೊಂಡಿದ್ಯಾ?"

"ಇಲ್ಲ," ಎಂದಳು.

ಎಂಬತ್ತನಾಲ್ಕಕ್ಕೆ ತಿರುಗಿಸಿದರೆ ಬರೀ ಶೋಂ ಎಂಬ ಮೊರೆತ. "ಅಗ್ಗದ ಮಾಲು, ಇನ್ನೊಂದು ತರ್ತೀನಿ," ಎಂದು ಸೆಫೊ ರಗ್ಬಿ ಆಟಕ್ಕೆ ಓಡಿದ.

ಗೆದ್ದೆ ಎಂದುಕೊಂಡಿದ್ದಳು ಲೂಪೆ. ಸೋಮವಾರ ಬೆಳಿಗ್ಗೆ ನೋಡಿದರೆ ಅತ್ತೆ ಬೀಸಣಿಗೆ, ಬಾಳೆಹಣ್ಣು ಹಿಡಿದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. "ಇವತ್ತು ಹಿಡಿಯುತ್ತೆ ಅನ್ಸುತ್ತೆ ಕಣೇ."

ಮಕ್ಕಳಿಳಿದ ಮೇಲೂ ಹೆದ್ದಾರಿಯುದ್ದಕ್ಕೂ ಅದೇ ಮೊರೆತ. ಮಂಗಳವಾರವೂ. ಬುಧವಾರವೂ. ಆ ಸದ್ದು ಲೂಪೆಯ ತಲೆಬುರುಡೆಯೊಳಗೇ ಮನೆ ಮಾಡಿತು. ಮಾತಾದರೆ ಎಂದಾದರೂ ಮುಗಿದೀತು, ಇದು ಮುಗಿಯುವುದಲ್ಲ. ಕಾರಿನ ಕಿಟಕಿಗಳು ದಿನದಿಂದ ದಿನಕ್ಕೆ ಹತ್ತಿರ ಸರಿದಂತೆ ತೋರಿತು.

ಗುರುವಾರ ಚಹಾದ ಬಿಡುವಿನಲ್ಲಿ ಅವಳು ತಾಳಲಾರದೆ ಸ್ಕ್ರೂಡ್ರೈವರ್ ಕೇಳಿ ತಂದು ಕಾರಿನ ಬಳಿ ಬಂದಳು. ಗಾಜಿನಾಚೆ ಅತ್ತೆ ಚಪ್ಪಲಿ ಬಿಟ್ಟು, ಅದೇ ಮೊರೆತದ ನಡುವೆ ಕಣ್ಣು ಮುಚ್ಚಿ ಕೂತಿದ್ದಳು. ಮನೆಯಲ್ಲಿ ಎಂದೂ ಕಾಣದ, ಯಾರ ಕರೆಗೂ ಕಾಯದ ಮುಖ. ಲೂಪೆ ಬಾಗಿಲು ತೆಗೆದಳು.

"ಅಮ್ಮಾ, ಒಂದು ತಂತಿ ಕಳಚಿದೆ ಅಷ್ಟೆ. ಸರಿ ಮಾಡ್ತೀನಿ."

"ನಿಂಗೆ ಹೇಗೆ ಗೊತ್ತು?"

ಲೂಪೆ ಸ್ಕ್ರೂಡ್ರೈವರನ್ನು ರೇಡಿಯೊದ ಅಂಚಿಗೆ ಹಿಡಿದಳು. ಮಾಸಿನಾ ಸೊಸೆಯನ್ನು ನೋಡಿದಳು, ಆಮೇಲೆ ಸ್ಕ್ರೂಡ್ರೈವರನ್ನು.

"ಬೇಡ."

"ಮಾತು ಕೇಳ್ಬೇಕು ಅಂತಿದ್ರಲ್ಲ?"

"ಮಾತು ಬಂತು ಅಂತಿಟ್ಕೋ, ನಾಳೆ ಪಕ್ಕದ್ಮನೆಯವಳು, ನಾಡಿದ್ದು ನನ್ನ ತಂಗಿ, ಆಮೇಲೆ ಚರ್ಚಿನ ಹೆಂಗಸರೆಲ್ಲ ಬಂದು ಹಿಂದಿನ ಸೀಟು ತುಂಬ್ತಾರೆ. ಈ ಶೋಂ ಕೇಳೋಕೆ ಯಾರೂ ಬರಲ್ಲ. ಸೆಫೊಗೂ ಹೇಳು, ಇನ್ನೊಂದು ಡಬ್ಬಿ ತರೋದು ಬೇಡ. ಇದೇ ಹಿಡಿಯುತ್ತೆ ಅಂತ ಅಮ್ಮನಿಗೆ ನಂಬಿಕೆ ಅನ್ನು."

ಸೆಫೊಗೆ ತಂತಿಯ ನಿಜ ಹೇಳಿದರೆ ಕಾರು ತುಂಬುತ್ತದೆ. ಹೇಳದಿದ್ದರೆ ಆ ಸೀಟು ಎಂದಿಗೂ ಖಾಲಿಯಾಗುವುದಿಲ್ಲ.

"ಬಿಸಿಗಾಳಿ ಬರ್ತಿದೆ ಕಣೇ," ಎಂದಳು ಮಾಸಿನಾ ಮತ್ತೆ ಕಣ್ಣು ಮುಚ್ಚುತ್ತ. "ಬಾಗಿಲು ಹಾಕು."

ಲೂಪೆ ಬಾಗಿಲು ಹಾಕಿದಳು. ಅವಳು ನಿಂತದ್ದು ಹೊರಗೇ.